ಹರಳಿನ ಸಾಕ್ಷಿ: ಲೋಹದ ಗೊಂಚಲುಗಳ ಬೆನ್ನು ಹತ್ತಿದ ರಸಾಯನ ವಿಜ್ಞಾನಿ

ನಿಮ್ಮ ಶಾಲೆಯ ಅಥವಾ ಕಾಲೇಜಿನ ರಸಾಯನ ಪ್ರಯೋಗಾಲಯದಲ್ಲಿ ಕಪಾಟಿನ ಮುಂದೆ ಒಮ್ಮೆ ನಿಂತು ನೋಡಿ. ಸಾಲು ಸಾಲಾಗಿ ಸೀಸೆಗಳಿರುತ್ತವೆ. ಪ್ರತಿ ಸೀಸೆಗೂ ಒಂದು ಚೀಟಿ, ಚೀಟಿಯ ಮೇಲೆ ಹೆಸರು, ಹೆಸರಿನ ಕೆಳಗೆ ಅಣುಸೂತ್ರ. ನೀವು ಆ ಸೂತ್ರವನ್ನು ನಂಬುತ್ತೀರಿ. ಬಾಯಿಪಾಠ ಮಾಡುತ್ತೀರಿ, ಪರೀಕ್ಷೆಯಲ್ಲಿ ಬರೆಯುತ್ತೀರಿ, ಅಂಕ ಪಡೆಯುತ್ತೀರಿ. ಅದು ತಪ್ಪಿರಬಹುದು ಎಂಬ ಅನುಮಾನ ಯಾರಿಗೂ ಬರುವುದಿಲ್ಲ. ಆದರೆ ನುರಿತ ವಿಜ್ಞಾನಿಗಳು ಶ್ರದ್ಧೆಯಿಂದ ತೂಗಿ, ಸುಟ್ಟು, ಅಳೆದು ಬರೆದ ಸೂತ್ರಗಳೇ ತಪ್ಪಾಗಿದ್ದು, ಇಪ್ಪತ್ತು ವರ್ಷಗಳ ಕಾಲ ಹಾಗೆಯೇ ಉಳಿದುಕೊಂಡದ್ದುಂಟು. ಅಂಥ ಚೀಟಿಗಳನ್ನು ಕಿತ್ತು ಸರಿಯಾದ ಚೀಟಿ ಅಂಟಿಸಿದವರಲ್ಲಿ ಅಮೆರಿಕದ ಲಾರೆನ್ಸ್ ಡಾಲ್ ಒಬ್ಬರು. 1929ರಲ್ಲಿ ಹುಟ್ಟಿ 2021ರಲ್ಲಿ ತೀರಿಕೊಂಡ ಈ ರಸಾಯನ ವಿಜ್ಞಾನಿ, ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ ನಗರದ ವಿಶ್ವವಿದ್ಯಾನಿಲಯದಲ್ಲಿ ತಮ್ಮ ವೃತ್ತಿಜೀವನವನ್ನೆಲ್ಲ ಕಳೆದರು. ಎರಡು ಲೋಹದ ಪರಮಾಣುಗಳಿಂದ ಶುರುಮಾಡಿ ನೂರಾ ಅರವತ್ತೈದು ಪರಮಾಣುಗಳ ಗೊಂಚಲಿನವರೆಗೆ ಅವರ ದಾರಿ ಸಾಗಿತು. ಆ ದಾರಿಯಲ್ಲಿ ನಿಮ್ಮನ್ನು ಸ್ವಲ್ಪ ದೂರ ಕರೆದುಕೊಂಡು ಹೋಗುವುದು ಈ ಲೇಖನದ ಉದ್ದೇಶ.

ಕಥೆ ನಿಜವಾಗಿ ಶುರುವಾಗುವುದು ಡಾಲ್ ಹುಟ್ಟುವುದಕ್ಕೆ ನಾಲ್ಕು ದಶಕಗಳ ಮೊದಲು, ಇಂಗ್ಲೆಂಡಿನಲ್ಲಿ. ಲುಡ್ವಿಗ್ ಮೊಂಡ್ ಎಂಬ ಉದ್ಯಮಿಯ ಕಾರ್ಖಾನೆಯಲ್ಲಿ ನಿಕ್ಕಲ್ ಲೋಹದ ಕವಾಟಗಳು ಸವೆದು ಹಾಳಾಗುತ್ತಿದ್ದವು. ಆಮ್ಲವಿಲ್ಲ, ತೇವವಿಲ್ಲ, ಗಟ್ಟಿ ಲೋಹವನ್ನು ತಿನ್ನುತ್ತಿರುವುದು ಏನು? ಹುಡುಕಿದಾಗ ಸಿಕ್ಕಿದ್ದು ಕಾರ್ಬನ್ ಮಾನಾಕ್ಸೈಡ್ ಅನಿಲ. ಇದ್ದಿಲು ಅರೆಬರೆ ಉರಿದಾಗ ಹೊರಡುವ, ಮುಚ್ಚಿದ ಕೋಣೆಯಲ್ಲಿ ಜೀವ ತೆಗೆಯುವ ಅದೇ ಅನಿಲ. ಮುಂದೆ ಇದನ್ನು ಚಿಕ್ಕದಾಗಿ ಸಿಓ ಎಂದೇ ಕರೆಯೋಣ. ನಿಕ್ಕಲ್ಲಿನ ಪುಡಿಯ ಮೇಲೆ ಸಿಓ ಹಾಯಿಸಿದರೆ ಲೋಹವೇ ಆವಿಯಾಗಿ ಎದ್ದು ಬರುತ್ತದೆ. ತಣಿಸಿದರೆ ಬಣ್ಣವಿಲ್ಲದ ದ್ರವವಾಗುತ್ತದೆ. ಆ ದ್ರವ 43 ಡಿಗ್ರಿ ಸೆಲ್ಸಿಯಸ್ಸಿನಲ್ಲೇ ಕುದಿಯುತ್ತದೆ. ನಮ್ಮ ರಾಯಚೂರಿನ ಬೇಸಿಗೆಯಲ್ಲಿ ಹೊರಗಿಟ್ಟರೆ ಕುದಿದು ಹೋಗುವ ಲೋಹ ಸಂಯುಕ್ತ! ಇಡುವ ಸಾಹಸ ಮಾತ್ರ ಯಾರೂ ಮಾಡಬಾರದು, ಅದು ಘೋರ ವಿಷ. ಮೊಂಡ್ ಮತ್ತು ಸಂಗಡಿಗರು ಈ ಸುದ್ದಿಯನ್ನು ಪ್ರಕಟಿಸಿದ್ದು 1890ರಲ್ಲಿ. ಒಂದು ನಿಕ್ಕಲ್ಲಿಗೆ ನಾಲ್ಕು ಸಿಓ. ಮರುವರ್ಷ ಕಬ್ಬಿಣವೂ ಹೀಗೇ ವರ್ತಿಸುವುದು ತಿಳಿಯಿತು: ಒಂದು ಕಬ್ಬಿಣಕ್ಕೆ ಐದು ಸಿಓ.

ಇಷ್ಟರವರೆಗೆ ಲೆಕ್ಕ ಸುಲಭ. ತೊಡಕು ಬಂದದ್ದು ಒಂದಕ್ಕಿಂತ ಹೆಚ್ಚು ಲೋಹದ ಪರಮಾಣು ಇರುವ ಸಂಯುಕ್ತಗಳಲ್ಲಿ. ಎರಡು ಕಬ್ಬಿಣ ಮತ್ತು ಒಂಬತ್ತು ಸಿಓ ಇರುವ ಹೊಂಬಣ್ಣದ ಹರಳುಗಳನ್ನು 1939ರಲ್ಲಿ ಕ್ಷ-ಕಿರಣದಿಂದ ಪರೀಕ್ಷಿಸಿದಾಗ, ಎರಡು ಕಬ್ಬಿಣಗಳ ನಡುವೆ ಮೂರು ಸಿಓಗಳು ಸೇತುವೆಯಂತೆ ನಿಂತಿರುವುದು ಕಂಡಿತು. ಆಗ ಬಹಳ ಮಂದಿ ಒಂದು ತೀರ್ಮಾನಕ್ಕೆ ಬಂದರು. ಲೋಹಕ್ಕೂ ಲೋಹಕ್ಕೂ ನೇರ ನಂಟಿಲ್ಲ. ನಡುವೆ ಸಿಓ ಎಂಬ ಸೇತುವೆ ಇದ್ದರೆ ಮಾತ್ರ ಅವು ಒಂದು ಅಣುವಿನಲ್ಲಿ ಕೂಡಿ ಬಾಳುತ್ತವೆ. ಇಂಗಾಲ ಇಂಗಾಲದೊಡನೆ ನೇರವಾಗಿ ಕೈ ಹಿಡಿಯುತ್ತದೆ, ಅದರಿಂದಲೇ ಸಾವಯವ ರಸಾಯನ ಎಂಬ ಮಹಾ ಅರಣ್ಯ ಬೆಳೆದಿದೆ. ಅಣುವಿನೊಳಗೆ ಲೋಹಗಳಿಗೆ ಆ ಗುಣವಿದೆಯೇ? ಇದು ಐವತ್ತರ ದಶಕದ ಒಂದು ದೊಡ್ಡ ಪ್ರಶ್ನೆಯಾಗಿತ್ತು.

ಲಾರೆನ್ಸ್ ಡಾಲ್ ಆಗ ಅಯೋವಾ ರಾಜ್ಯದ ಏಮ್ಸ್ ಎಂಬ ಊರಿನಲ್ಲಿ ರಾಬರ್ಟ್ ರಂಡಲ್ ಎಂಬ ಗುರುವಿನ ಬಳಿ ಸಂಶೋಧನೆ ಮಾಡುತ್ತಿದ್ದರು. ಗುರುವಿಗೆ ಎರಡು ಹುಚ್ಚು: ಒಂದು, ಪಠ್ಯಪುಸ್ತಕದ ನಿಯಮಕ್ಕೆ ಒಗ್ಗದ ಬಂಧಗಳು; ಇನ್ನೊಂದು, ಕ್ಷ-ಕಿರಣ ಸ್ಫಟಿಕ ವಿಜ್ಞಾನ. ಶಿಷ್ಯನಿಗೆ ಎರಡೂ ಅಂಟಿಕೊಂಡವು.

ಕ್ಷ-ಕಿರಣದಿಂದ ಅಣುವನ್ನು ‘ನೋಡುವುದು’ ಎಂದರೆ ಆಸ್ಪತ್ರೆಯಲ್ಲಿ ಮುರಿದ ಮೂಳೆಯ ಚಿತ್ರ ತೆಗೆದಂತೆ ಎಂದು ತಿಳಿಯಬೇಡಿ. ಹರಳಿನಲ್ಲಿ ಒಂದೇ ಬಗೆಯ ಅಣುಗಳು ಒಂದೇ ಭಂಗಿಯಲ್ಲಿ, ಶಾಲೆಯ ಮೈದಾನದಲ್ಲಿ ಡ್ರಿಲ್ಲಿಗೆ ನಿಂತ ಮಕ್ಕಳಂತೆ, ಕೋಟಿಗಟ್ಟಲೆ ಸಂಖ್ಯೆಯಲ್ಲಿ ಸಾಲುಗಟ್ಟಿ ನಿಂತಿರುತ್ತವೆ. ಆ ಸಾಲುಗಳ ಮೇಲೆ ಬಿದ್ದ ಕ್ಷ-ಕಿರಣ ಕೆಲವೇ ದಿಕ್ಕುಗಳಲ್ಲಿ ಚದುರಿ ಫಿಲ್ಮಿನ ಮೇಲೆ ಚುಕ್ಕೆಗಳನ್ನು ಮೂಡಿಸುತ್ತದೆ. ಆ ದಿನಗಳಲ್ಲಿ ಚುಕ್ಕೆಗಳು ಎಷ್ಟು ಕಪ್ಪು ಎಂಬುದನ್ನು ಸಾಮಾನ್ಯವಾಗಿ ಕಣ್ಣಿನಿಂದಲೇ ಅಂದಾಜು ಮಾಡಬೇಕಿತ್ತು. ನೂರಾರು ಚುಕ್ಕೆಗಳು. ಪ್ರತಿಯೊಂದಕ್ಕೂ ಒಂದು ಸಂಖ್ಯೆ. ಅನಂತರ ಗಣಿತ. ಇಷ್ಟಾದರೂ ಚುಕ್ಕೆಗಳು ಅರ್ಧ ಸತ್ಯವನ್ನು ಮಾತ್ರ ಹೇಳುತ್ತವೆ. ಉಳಿದರ್ಧವನ್ನು ವಿಜ್ಞಾನಿ ಊಹಿಸಿ, ಆ ಊಹೆಯಿಂದ ಚುಕ್ಕೆಗಳನ್ನು ಮತ್ತೆ ಲೆಕ್ಕ ಹಾಕಿ, ಅಳತೆಗೆ ಹೊಂದುತ್ತದೆಯೇ ಎಂದು ನೋಡಬೇಕು. ಹೊಂದದಿದ್ದರೆ ಮತ್ತೆ ಮೊದಲಿನಿಂದ. ಒಂದು ಅಣುವಿಗೆ ತಿಂಗಳುಗಳು ಹಿಡಿಯುತ್ತಿದ್ದವು.

1957ರಲ್ಲಿ ಡಾಲ್, ರಂಡಲ್ ಮತ್ತು ಇನ್ನೊಬ್ಬ ಸಹೋದ್ಯೋಗಿ ಮ್ಯಾಂಗನೀಸಿನ ಒಂದು ಸಂಯುಕ್ತದ ರಚನೆಯನ್ನು ಪ್ರಕಟಿಸಿದರು. ಅದರಲ್ಲಿ ಎರಡು ಮ್ಯಾಂಗನೀಸ್, ಹತ್ತು ಸಿಓ. ಸಿಓಗಳು ಐದೈದರಂತೆ ಹಂಚಿಕೊಂಡು ಎರಡು ಲೋಹಗಳ ಸುತ್ತ ನಿಂತಿದ್ದವು. ನಡುವೆ ಸೇತುವೆ ಒಂದೂ ಇರಲಿಲ್ಲ! ಎರಡು ಮ್ಯಾಂಗನೀಸ್ ಪರಮಾಣುಗಳು ಸುಮಾರು 2.9 ಆಂಗ್‌ಸ್ಟ್ರಾಂ ದೂರದಲ್ಲಿ ಒಂದಕ್ಕೊಂದು ನೇರವಾಗಿ ಅಂಟಿಕೊಂಡಿದ್ದವು. ಆ ಅಣುವಿನ ಎರಡು ಅರ್ಧಗಳನ್ನು ಹಿಡಿದಿಟ್ಟಿದ್ದು ಲೋಹ-ಲೋಹ ಬಂಧವೊಂದೇ.

ಇದು ಹೇಗೆ ಸಾಧ್ಯ ಎಂಬುದನ್ನು ನೀವೇ ಲೆಕ್ಕ ಹಾಕಬಹುದು, ಪೆನ್ಸಿಲ್ ತೆಗೆದುಕೊಳ್ಳಿ. ಮ್ಯಾಂಗನೀಸಿನ ಹೊರ ಕಕ್ಷೆಗಳಲ್ಲಿ 7 ಎಲೆಕ್ಟ್ರಾನುಗಳಿವೆ. ಪ್ರತಿ ಸಿಓ ಎರಡೆರಡು ಕೊಡುತ್ತದೆ. ಐದು ಸಿಓಗಳಿಂದ 10. ಒಟ್ಟು 17. ಇಂಥ ಸಂಯುಕ್ತಗಳಲ್ಲಿ ಲೋಹಕ್ಕೆ ನೆಮ್ಮದಿ ಸಿಗುವುದು 18 ಆದಾಗ. ಒಂದು ಕಡಿಮೆ ಬಿತ್ತು. ಪಕ್ಕದ ಮ್ಯಾಂಗನೀಸಿಗೂ ಅದೇ ಕೊರತೆ. ಇಬ್ಬರೂ ಒಂದೊಂದನ್ನು ನಡುವೆ ಇಟ್ಟು ಹಂಚಿಕೊಂಡರೆ ಇಬ್ಬರ ಲೆಕ್ಕವೂ ತುಂಬುತ್ತದೆ. ಇಷ್ಟು ಸರಳ. ಆದರೆ ನಡೆದಾಗಿದೆ ಎಂದು ಹರಳು ತೋರಿಸಿಕೊಟ್ಟ ಮೇಲೆ ಮಾತ್ರ ಸರಳ, ಅದಕ್ಕೆ ಮೊದಲಲ್ಲ.

ಅದೇ ವರ್ಷ ಡಾಲ್ ಮ್ಯಾಡಿಸನ್ನಿಗೆ ಅಧ್ಯಾಪಕರಾಗಿ ಹೋದರು. ಚೀಟಿಗಳ ಕಥೆ ಬರುವುದು ಇಲ್ಲಿ.

ಜರ್ಮನಿಯ ಮ್ಯೂನಿಚಿನಲ್ಲಿ ವಾಲ್ಟರ್ ಹೀಬರ್ ಎಂಬ ಮೇಧಾವಿ ಇದ್ದರು. ಲೋಹ ಮತ್ತು ಸಿಓ ಸಂಯುಕ್ತಗಳ ವಿಷಯದಲ್ಲಿ ಅವರಿಗೆ ಸಮನಾದವರು ಆ ಕಾಲದಲ್ಲಿ ಇರಲಿಲ್ಲವೆಂದೇ ಹೇಳಬೇಕು. ಯುದ್ಧದ ವರ್ಷಗಳಲ್ಲಿ ಅವರ ಪ್ರಯೋಗಾಲಯದಲ್ಲಿ ಆಸ್ಮಿಯಂ ಲೋಹದ ಒಂದು ಸಂಯುಕ್ತವೂ ರೋಡಿಯಂ ಲೋಹದ ಒಂದು ಸಂಯುಕ್ತವೂ ತಯಾರಾದವು. ಆಸ್ಮಿಯಂ ಸಂಯುಕ್ತಕ್ಕೆ ಎರಡು ಲೋಹ, ಒಂಬತ್ತು ಸಿಓ ಎಂದು ಸೂತ್ರ ಬರೆದರು. ಕಬ್ಬಿಣದಲ್ಲಿ ಅಂಥದೊಂದು ಇತ್ತಲ್ಲ, ಅದರ ಬಂಧು ಎಂದುಕೊಂಡರು. ರೋಡಿಯಂ ಸಂಯುಕ್ತಕ್ಕೆ ನಾಲ್ಕು ಲೋಹ, ಹನ್ನೊಂದು ಸಿಓ ಎಂದರು. ಎರಡೂ ಸೂತ್ರಗಳು ಸುಮಾರು ಇಪ್ಪತ್ತು ವರ್ಷ ನೆಮ್ಮದಿಯಾಗಿ ಬಾಳಿದವು.

ಡಾಲ್ ಮತ್ತು ಅವರ ವಿದ್ಯಾರ್ಥಿ ಕೋರಿ ಆ ಆಸ್ಮಿಯಂ ಹರಳನ್ನು ಕ್ಷ-ಕಿರಣಕ್ಕೆ ಹಿಡಿದರು. ಕಂಡದ್ದು ಎರಡು ಲೋಹವಲ್ಲ, ಮೂರು. ತ್ರಿಕೋನದ ಮೂರು ಮೂಲೆಗಳಲ್ಲಿ ಮೂರು ಆಸ್ಮಿಯಂ, ಒಂದೊಂದಕ್ಕೂ ನಾಲ್ಕು ಸಿಓ, ಒಟ್ಟು ಹನ್ನೆರಡು. ಸೇತುವೆ ಇಲ್ಲವೇ ಇಲ್ಲ. ಇದರ ಜೊತೆಯ ರುಥೇನಿಯಂ ಸಂಯುಕ್ತದ ಚೀಟಿಯೂ ಹೀಗೆಯೇ ಬದಲಾಯಿತು. ಇದು 1961ರ ಮಾತು. ಎರಡು ವರ್ಷಗಳ ನಂತರ ರೋಡಿಯಂನ ಸರದಿ. ನಾಲ್ಕು ಲೋಹ ಎಂದಿದ್ದಲ್ಲಿ ಆರು ಕಂಡವು! ಆರು ರೋಡಿಯಂ ಪರಮಾಣುಗಳು ಅಷ್ಟಮುಖಿಯ ಆರು ಮೂಲೆಗಳಲ್ಲಿದ್ದವು, ಸುತ್ತ ಹದಿನಾರು ಸಿಓ ಇದ್ದವು. ಎರಡು ಚೌಕ ಪಿರಮಿಡ್ಡುಗಳನ್ನು ಬುಡಕ್ಕೆ ಬುಡ ಕೂಡಿಸಿದ ಆಕಾರವನ್ನು ನೆನೆಸಿಕೊಳ್ಳಿ, ಅದೇ ಅಷ್ಟಮುಖಿ.

ಹೀಬರ್ ಅಂಥವರು ಇಷ್ಟು ದೊಡ್ಡ ತಪ್ಪು ಮಾಡಿದರೇ ಎಂದು ನೀವು ಕೇಳಬಹುದು. ಮತ್ತೆ ಪೆನ್ಸಿಲ್ ತೆಗೆದುಕೊಳ್ಳಿ. ನಾಲ್ಕು ರೋಡಿಯಂ, ಹನ್ನೊಂದು ಸಿಓ ಇರುವ ಸಂಯುಕ್ತದಲ್ಲಿ ಇಂಗಾಲದ ಪಾಲು ಶೇಕಡಾ 18.36. ಆರು ರೋಡಿಯಂ, ಹದಿನಾರು ಸಿಓ ಇರುವುದರಲ್ಲಿ ಶೇಕಡಾ 18.03. ವ್ಯತ್ಯಾಸ ಕೇವಲ 0.3! ಕಾಲೇಜಿನಲ್ಲಿ ಟೈಟ್ರೇಷನ್ ಮಾಡುವಾಗ ಬ್ಯುರೆಟ್ಟಿನ ಗೆರೆಯನ್ನು ಓದುವುದರಲ್ಲಿ ನಿಮ್ಮ ಕಣ್ಣು ಎಷ್ಟು ಸಲ ಇದಕ್ಕಿಂತ ಹೆಚ್ಚು ತಪ್ಪಿದೆ, ನೆನಪಿಸಿಕೊಳ್ಳಿ. ಅದೂ ಅಲ್ಲದೆ, ಬೇರೆ ಸಂಯುಕ್ತಗಳಲ್ಲಿ ಅಣುವಿನ ಒಟ್ಟು ತೂಕವನ್ನು ಅಳೆದು ಇಂಥ ಗೊಂದಲ ಪರಿಹರಿಸಿಕೊಳ್ಳಬಹುದು. ಆ ಅಳತೆಗೆ ಸಂಯುಕ್ತ ಯಾವುದಾದರೂ ದ್ರಾವಕದಲ್ಲಿ ಚೆನ್ನಾಗಿ ಕರಗಬೇಕು, ಈ ರೋಡಿಯಂ ಸಂಯುಕ್ತವೋ ಕರಗುವುದೇ ಕಷ್ಟ. ತೂಗಿ ಸುಟ್ಟು ನೋಡುವ ವಿಧಾನ ತಲುಪಬಹುದಾದ ಕೊನೆಯನ್ನು ಹೀಬರ್ ತಲುಪಿದ್ದರು. ಅದರ ಆಚೆಗೆ ಹೋಗಲು ಬೇರೆ ದಾರಿಯೇ ಬೇಕಿತ್ತು. ರೋಡಿಯಂನ ಹೊಸ ರಚನೆಯ ಪ್ರಬಂಧದಲ್ಲಿ ಡಾಲ್ ಮತ್ತು ಕೋರಿಯವರ ಜೊತೆ ಮೂರನೆಯ ಹೆಸರು ಮ್ಯೂನಿಚಿನ ವುಲ್ಫ್‌ಗಾಂಗ್ ಬೆಕ್ ಅವರದು, ಹೀಬರ್ ಬಳಗದವರೇ. ಹಳೆಯ ಚೀಟಿ ಕೀಳುವಾಗ ಅದನ್ನು ಅಂಟಿಸಿದ ಮನೆಯವರೂ ಕೈಜೋಡಿಸಿದ್ದರು. ನನಗೆ ಈ ಪ್ರಸಂಗದಲ್ಲಿ ಅತ್ಯಂತ ಇಷ್ಟವಾದ ಸಂಗತಿ ಇದು.

ಆ ಅಷ್ಟಮುಖಿ ಇನ್ನೊಂದು ಕೀಟಲೆಯನ್ನೂ ಮಾಡಿತು. ಮ್ಯಾಂಗನೀಸಿನಲ್ಲಿ ಅಷ್ಟು ಚೆನ್ನಾಗಿ ಹೊಂದಿದ 18ರ ಲೆಕ್ಕ ಇಲ್ಲಿ ಹೊಂದಲಿಲ್ಲ. ಆರು ಲೋಹಕ್ಕೆ ಆರು ಹದಿನೆಂಟಲ 108. ಅಷ್ಟಮುಖಿಗೆ 12 ಅಂಚುಗಳು, ಪ್ರತಿ ಅಂಚಿನಲ್ಲೂ ಎರಡು ಎಲೆಕ್ಟ್ರಾನುಗಳ ಹಂಚಿಕೆ ಎಂದು 24 ಕಳೆದರೆ 84 ಇರಬೇಕು. ನಿಜವಾಗಿ ಎಣಿಸಿದರೆ ರೋಡಿಯಂನ ಒಂಬತ್ತೊಂಬತ್ತರಂತೆ 54, ಸಿಓಗಳಿಂದ 32, ಒಟ್ಟು 86. ಎರಡು ಹೆಚ್ಚು! ಲೆಕ್ಕ ತಪ್ಪೋ ಹರಳು ತಪ್ಪೋ? ಹರಳು ತಪ್ಪಲಿಲ್ಲ. ಗೊಂಚಲು ದೊಡ್ಡದಾದಂತೆ ಎಲೆಕ್ಟ್ರಾನುಗಳು ಇಬ್ಬಿಬ್ಬರ ನಡುವಿನ ಆಸ್ತಿಯಾಗಿ ಉಳಿಯುವುದಿಲ್ಲ, ಇಡೀ ಕುಟುಂಬದ ಸೊತ್ತಾಗುತ್ತವೆ ಎಂದು ಇಂಗ್ಲೆಂಡಿನ ಕೆನೆತ್ ವೇಡ್ 1971ರಲ್ಲಿ ವಿವರಿಸಿದ ಮೇಲೆಯೇ ಆ 86ಕ್ಕೆ ಅರ್ಥ ಬಂದದ್ದು. ಅಷ್ಟು ವರ್ಷ ಅದು ಯಾರ ನಿಯಮಕ್ಕೂ ಸಿಗದೆ ಪುಸ್ತಕದಲ್ಲಿ ಕುಳಿತಿತ್ತು.

ಈ ಹೊತ್ತಿಗೆ ಇಂಥ ಅಣುಗಳಿಗೆ ‘ಕ್ಲಸ್ಟರ್’ ಎಂಬ ಹೆಸರು ಬಳಕೆಗೆ ಬಂದಿತ್ತು. ಬಳಕೆಗೆ ತಂದವರು ಎಫ್. ಆಲ್ಬರ್ಟ್ ಕಾಟನ್ ಎಂಬ ಇನ್ನೊಬ್ಬ ಅಮೆರಿಕದ ರಸಾಯನ ವಿಜ್ಞಾನಿ. ಕನ್ನಡದಲ್ಲಿ ಗೊಂಚಲು ಎನ್ನೋಣ, ದ್ರಾಕ್ಷಿಯ ಗೊಂಚಲಿನಂತೆ.

ಎಲ್ಲವೂ ಡಾಲ್ ಹಿಡಿದ ಕೂಡಲೇ ಸಿಕ್ಕಿಬಿಡಲಿಲ್ಲ. ಕಬ್ಬಿಣದ ಒಂದು ಸಂಯುಕ್ತ ಅವರನ್ನು ವರ್ಷಗಟ್ಟಲೆ ಸತಾಯಿಸಿತು. ಅದನ್ನು ಮೊದಲು ತಯಾರಿಸಿದವರು 1907ರಲ್ಲಿ ಜೇಮ್ಸ್ ಡ್ಯೂವರ್ ಮತ್ತು ಜೋನ್ಸ್. ನಿಮ್ಮ ಮನೆಯ ಥರ್ಮಾಸ್ ಫ್ಲಾಸ್ಕಿನ ಮೂಲ ಕಲ್ಪನೆ ಇದೇ ಡ್ಯೂವರ್ ಅವರದು. ಕಪ್ಪು ಹಸಿರಿನ ಸುಂದರ ಹರಳುಗಳು. ಮೂರು ಕಬ್ಬಿಣ, ಹನ್ನೆರಡು ಸಿಓ ಎಂಬುದೂ ಕಾಲಕ್ರಮದಲ್ಲಿ ಸ್ಪಷ್ಟವಾಯಿತು. ಆದರೆ ಮೂರು ಕಬ್ಬಿಣಗಳು ನಿಂತಿರುವುದು ಹೇಗೆ? ಸಾಲಾಗಿಯೋ, ತ್ರಿಕೋನವಾಗಿಯೋ? ರಂಡಲ್ ಬಳಿ ಇದ್ದಾಗಲೇ ಡಾಲ್ ಈ ಹರಳನ್ನು ಪರೀಕ್ಷಿಸಿದ್ದರು. ಫಲಿತಾಂಶ ನೋಡಿದರೆ ಮೂರು ಕಬ್ಬಿಣದ ಜಾಗದಲ್ಲಿ ಆರು ಕಾಣಿಸುತ್ತಿವೆ!

ನಿಮ್ಮ ಮನೆಯ ಹೊಸಿಲ ಮುಂದಿನ ರಂಗೋಲಿಯನ್ನು ನೆನೆಯಿರಿ. ಮೇಲ್ಮುಖದ ಒಂದು ತ್ರಿಕೋನ, ಅದರ ಮೇಲೆ ಕೆಳಮುಖದ ಇನ್ನೊಂದು. ಎರಡೂ ಸೇರಿ ಆರು ಮೂಲೆಯ ನಕ್ಷತ್ರ. ಹರಳಿನಲ್ಲಿ ಕಂಡದ್ದು ಅದೇ ಷಟ್ಕೋಣ. ಅರ್ಥವಿಷ್ಟೆ: ಡ್ರಿಲ್ಲಿಗೆ ನಿಂತ ಮಕ್ಕಳಲ್ಲಿ ಅರ್ಧ ಮಂದಿ ಆ ಕಡೆಗೂ ಅರ್ಧ ಮಂದಿ ಈ ಕಡೆಗೂ ಮುಖ ಮಾಡಿದ್ದಾರೆ, ಅದೂ ಯಾವ ಕ್ರಮವೂ ಇಲ್ಲದೆ. ಕ್ಷ-ಕಿರಣಕ್ಕೆ ಒಬ್ಬೊಬ್ಬರು ಕಾಣುವುದಿಲ್ಲ, ಎಲ್ಲರ ಸರಾಸರಿ ಕಾಣುತ್ತದೆ. ಒಂದೇ ಫಿಲ್ಮಿನ ಮೇಲೆ ಎರಡು ಫೋಟೊ ತೆಗೆದಂತೆ. ಕಬ್ಬಿಣಗಳು ತ್ರಿಕೋನದಲ್ಲಿವೆ ಎಂಬುದು ಇದರಿಂದ ಖಚಿತವಾಯಿತು. ಆದರೆ ಹಗುರವಾದ ಸಿಓಗಳು ಎಲ್ಲೆಲ್ಲಿವೆ ಎಂಬುದು ಎರಡು ಚಿತ್ರಗಳ ಕಲಸುಮೇಲೋಗರದಲ್ಲಿ ಮುಚ್ಚಿಹೋಯಿತು.

ಡಾಲ್ ಏನು ಮಾಡಿದರು ಗೊತ್ತೇ? ಮುಂಬಾಗಿಲು ತೆರೆಯದಿದ್ದಾಗ ಹಿತ್ತಿಲ ಬಾಗಿಲಿಗೆ ಹೋದರು. ಈ ಅಣುವಿಗೆ ಒಂದು ಹತ್ತಿರದ ಸಂಬಂಧಿ ಇತ್ತು: ಒಂದು ಸಿಓ ಕಡಿಮೆ, ಬದಲಿಗೆ ಒಂದು ಹೈಡ್ರೊಜನ್, ಮತ್ತು ಋಣ ವಿದ್ಯುದಂಶ. ಅದರ ಹರಳಿನಲ್ಲಿ ಈ ಗೊಂದಲ ಅಡ್ಡಿಯಾಗಲಿಲ್ಲ. 1965ರಲ್ಲಿ ಅದರ ರಚನೆ ತಿಳಿಯಿತು. ತಮ್ಮನ ಮುಖ ನೋಡಿ ಅಣ್ಣನ ಚಹರೆ ಊಹಿಸಿದಂತೆ, 1966ರಲ್ಲಿ ಡಾಲ್ ಮತ್ತು ಸಹೋದ್ಯೋಗಿ ವೇಯ್ ಕಬ್ಬಿಣದ ಸಂಯುಕ್ತದ ರೂಪವನ್ನು ಬಿಡಿಸಿದರು. ಮೂರರಲ್ಲಿ ಒಂದು ಕಬ್ಬಿಣಕ್ಕೆ ನಾಲ್ಕು ಸಿಓ. ಉಳಿದೆರಡಕ್ಕೆ ಮೂರು ಮೂರು. ಆ ಎರಡರ ನಡುವೆ ಎರಡು ಸೇತುವೆ. ಕೂಡಿಸಿ ನೋಡಿ, ಹನ್ನೆರಡು. ಆದರೂ ಕೆಲವು ವಿವರಗಳು ಮಸುಕಾಗಿದ್ದವು. ಅಳತೆಗಳನ್ನು ಇನ್ನಷ್ಟು ಸ್ಪಷ್ಟ ಮಾಡಿದವರು 1974ರಲ್ಲಿ ಕಾಟನ್ ಮತ್ತು ಟ್ರೂಪ್. ತಯಾರಾದದ್ದು 1907, ಮುಖ ಪೂರ್ತಿ ಕಂಡದ್ದು 1974. ಅರವತ್ತೇಳು ವರ್ಷ! ಇದೇ ಅಣುವಿನ ಆಸ್ಮಿಯಂ ಬಂಧುವಿನಲ್ಲಿ ಸೇತುವೆಯೇ ಇಲ್ಲ ಎಂಬುದನ್ನು ಮರೆಯಬೇಡಿ. ಆವರ್ತ ಕೋಷ್ಟಕದಲ್ಲಿ ಒಂದೇ ಕಂಬಸಾಲಿನಲ್ಲಿರುವವರೆಲ್ಲ ಒಂದೇ ರೀತಿ ಇರುತ್ತಾರೆ ಎಂದು ಭಾವಿಸಿ ಸೂತ್ರ ಬರೆಯುವವರಿಗೆ ಇದು ಎರಡನೆಯ ಪೆಟ್ಟು.

ಅರವತ್ತರ ಮತ್ತು ಎಪ್ಪತ್ತರ ದಶಕದಲ್ಲಿ ಡಾಲ್ ಬಳಗ ಮಾಡಿದ ಕೆಲಸವನ್ನೆಲ್ಲ ಇಲ್ಲಿ ಹೇಳಲು ಜಾಗವಿಲ್ಲ. ಎರಡನ್ನು ಮಾತ್ರ ಹೇಳುತ್ತೇನೆ. 1966ರಲ್ಲಿ ನಾಲ್ಕು ಕಬ್ಬಿಣ, ನಾಲ್ಕು ಗಂಧಕ ಒಂದು ಬಿಟ್ಟು ಒಂದರಂತೆ ಘನಾಕೃತಿಯ ಎಂಟು ಮೂಲೆಗಳಲ್ಲಿ ಕುಳಿತ ಒಂದು ಅಣುವಿನ ರಚನೆಯನ್ನು ಅವರು ತೋರಿಸಿದರು. ಜೀವಿಗಳ ಒಳಗೆ ಎಲೆಕ್ಟ್ರಾನುಗಳನ್ನು ಸಾಗಿಸುವ ಕೆಲವು ಪ್ರೋಟೀನುಗಳಲ್ಲೂ ಅಂಥದೇ ಕಬ್ಬಿಣ-ಗಂಧಕದ ಘನಗಳಿವೆ ಎಂಬುದು ಆಮೇಲೆ ಬೆಳಕಿಗೆ ಬಂತು. ಎರಡನೆಯದು ಇಟಲಿಯ ಮಿಲಾನಿನ ಪಾವೊಲೊ ಕಿನಿ ಬಳಗದ ಜೊತೆಗೂಡಿ 1974ರಲ್ಲಿ ಪ್ರಕಟಿಸಿದ ಪ್ಲಾಟಿನಂ ಗೊಂಚಲುಗಳು. ಇಡ್ಲಿ ಬೇಯಿಸುವ ತಟ್ಟೆಗಳನ್ನು ನೋಡಿದ್ದೀರಲ್ಲ, ಒಂದೊಂದರಲ್ಲೂ ಮೂರು ಗುಳಿ, ನಡುವಿನ ಕಂಬಿಗೆ ಒಂದರ ಮೇಲೊಂದು. ಇಲ್ಲಿಯೂ ಮೂರು ಪ್ಲಾಟಿನಂಗಳ ತ್ರಿಕೋನವೇ ತಟ್ಟೆ. ಕಂಬಿ ಮಾತ್ರ ಇಲ್ಲ. ಎರಡು ತಟ್ಟೆ ಪೇರಿಸಿದರೆ ಆರು ಪ್ಲಾಟಿನಂ, ಮೂರು ಪೇರಿಸಿದರೆ ಒಂಬತ್ತು, ಐದಕ್ಕೆ ಹದಿನೈದು. ಉದ್ದ ಗೋಪುರಗಳಲ್ಲಿ ಪ್ರತಿ ತಟ್ಟೆಯೂ ಕೆಳಗಿನದಕ್ಕಿಂತ ತುಸು ತಿರುಗಿಕೊಂಡಿತ್ತು. ಕಿನಿ 1980ರಲ್ಲಿ ತೀರಿಕೊಂಡರು. ಆ ಗೋಪುರಗಳನ್ನು ರಸಾಯನ ವಿಜ್ಞಾನಿಗಳು ಅವರ ಹೆಸರಿನಿಂದಲೇ ಕರೆಯುತ್ತಾರೆ.

ಹದಿನೈದು ಪರಮಾಣುಗಳಿಗೆ ಬಂದೆವು. ಈಗ ಒಂದು ಪ್ರಶ್ನೆ ತಾನಾಗಿಯೇ ಏಳುತ್ತದೆ. ಒಂದು ಪ್ಲಾಟಿನಂ ಪರಮಾಣು ಲೋಹವಲ್ಲ. ಅದಕ್ಕೆ ಹೊಳಪಿಲ್ಲ, ಅದು ತಂತಿಯಾಗಿ ಎಳೆಯಲು ಬರುವುದಿಲ್ಲ. ಅಕ್ಕಸಾಲಿಗರ ಚಿಮುಟದಲ್ಲಿರುವ ತುಣುಕು ಲೋಹ. ಎಷ್ಟು ಪರಮಾಣುಗಳು ಸೇರಿದಾಗ ‘ಲೋಹ’ ಶುರುವಾಗುತ್ತದೆ? ಹತ್ತಕ್ಕೋ, ನೂರಕ್ಕೋ, ಸಾವಿರಕ್ಕೋ? ಇದನ್ನು ತಿಳಿಯಬೇಕಾದರೆ ಆ ಮಧ್ಯದ ಗಾತ್ರದ, ಅಂದರೆ ಒಂದೆರಡು ನ್ಯಾನೊಮೀಟರಿನ ಕಣಗಳು ಬೇಕು. ಒಂದು ನ್ಯಾನೊಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲು.

ಅಂಥ ಕಣಗಳನ್ನು ಮಾಡುವವರು ಬಹಳ ಮಂದಿ ಇದ್ದರು. ತೊಂದರೆ ಏನೆಂದರೆ ಸಾಮಾನ್ಯವಾಗಿ ತಯಾರಾಗುವ ನ್ಯಾನೊ ಪುಡಿ ಸಂತೆಯಲ್ಲಿ ಅಳೆದು ಕೊಟ್ಟ ಒಂದು ಸೇರು ಕಡಲೆಯಿದ್ದಂತೆ. ದೂರದಿಂದ ಎಲ್ಲವೂ ಒಂದೇ, ಕೈಯಲ್ಲಿ ಹಿಡಿದರೆ ಒಂದರಂತೆ ಒಂದಿಲ್ಲ. ಸರಾಸರಿ ಗಾತ್ರ ಹೇಳಬಹುದು, ಸೂತ್ರ ಹೇಳಲಾಗದು. 1981ರಲ್ಲಿ ಜರ್ಮನಿಯ ಗುಂಟರ್ ಶ್ಮಿಡ್ 55 ಚಿನ್ನದ ಪರಮಾಣುಗಳ ಗೊಂಚಲನ್ನು ವರದಿ ಮಾಡಿದರು. ಪ್ರಖ್ಯಾತ ಕೆಲಸ. ಆದರೆ ರಚನೆ ಬಿಡಿಸಲು ಒಪ್ಪುವ ಒಳ್ಳೆಯ ಹರಳು ಅದರಿಂದ ದೊರೆಯಲಿಲ್ಲ, ಚರ್ಚೆ ಮುಂದುವರಿಯಿತು. 1985ರಲ್ಲಿ ಮಾಸ್ಕೊದಿಂದ 561 ಪಲ್ಲಾಡಿಯಂ ಪರಮಾಣುಗಳ ಮಹಾ ಗೊಂಚಲಿನ ಸುದ್ದಿ ಬಂತು. 561 ಎಂಬುದು ಎಣಿಸಿದ ಸಂಖ್ಯೆಯಲ್ಲ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಂಡ ಗಾತ್ರಕ್ಕೆ ಹೊಂದುವ ಆದರ್ಶ ಸಂಖ್ಯೆ. ಈ ಕೆಲಸಗಳನ್ನು ಕೀಳೆಂದು ಹೇಳುತ್ತಿಲ್ಲ, ಅವುಗಳಿಂದ ಕಲಿತದ್ದು ಬಹಳ. ಆದರೆ ಚೀಟಿಗಳ ಕಥೆ ಬಲ್ಲ ಡಾಲ್‌ಗೆ ‘ಸುಮಾರು’ ಎಂಬ ಮಾತು ಸಾಲದಾಗಿತ್ತು. ಅವರಿಗೆ ಹರಳೇ ಬೇಕು.

2000ದಲ್ಲಿ ಆ ಹರಳು ಸಿಕ್ಕಿತು. ಡಾಲ್‌ಗೆ ಆಗ ಎಪ್ಪತ್ತು ದಾಟಿತ್ತು; ಹಿಂದಿನ ವರ್ಷವಷ್ಟೇ ವಿಲ್ಲರ್ಡ್ ಗಿಬ್ಸ್ ಪದಕ ಪಡೆದಿದ್ದರು, ಸುಮ್ಮನೆ ಕೂರಬಹುದಿತ್ತು. ಟ್ರಾನ್, ಪೊವೆಲ್ ಮತ್ತು ಡಾಲ್ ಪ್ರಕಟಿಸಿದ್ದು 145 ಪಲ್ಲಾಡಿಯಂ ಪರಮಾಣುಗಳ ಗೊಂಚಲು. ಸುತ್ತ ಕವಚವಾಗಿ ಸಿಓಗಳು ಮತ್ತು ಫಾಸ್ಫೀನ್ ಎಂಬ ರಂಜಕದ ಸಂಯುಕ್ತಗಳು.

ಒಳಗಿನ ಜೋಡಣೆ ಈರುಳ್ಳಿಯಂತೆ ಪದರ ಪದರ. ನಡುವೆ ಒಂದು ಪರಮಾಣು. ಸುತ್ತ 12, ವಿಂಶತಿಮುಖಿ ಎಂಬ ಇಪ್ಪತ್ತು ತ್ರಿಕೋನ ಮುಖಗಳ ಆಕೃತಿಯ ಹನ್ನೆರಡು ಮೂಲೆಗಳಲ್ಲಿ. ಅದರ ಹೊರಗೆ 42. ಇಲ್ಲಿಗೆ 55 ಆಯಿತು. ಇದು ಇಂಗ್ಲೆಂಡಿನ ಅಲನ್ ಮ್ಯಾಕೆ 1962ರಲ್ಲೇ ಕಾಗದದ ಮೇಲೆ ತೋರಿಸಿದ ಜೋಡಣೆ. ಮ್ಯಾಕೆಯ ಲೆಕ್ಕದಂತೆ ಮುಂದಿನ ಪದರದಲ್ಲಿ 92 ಇರಬೇಕು. ಹರಳಿನಲ್ಲಿ ಇದ್ದದ್ದು 60! ಇಪ್ಪತ್ತು ಮುಖಗಳ ಪ್ರತಿಯೊಂದರ ಮೇಲೂ ಮೂರು ಮೂರರಂತೆ ಅವು ಕುಳಿತಿದ್ದವು. ಹಾಗೆ ಕುಳಿತಾಗ ನಡುನಡುವೆ ಮೂಡಿದ ಮೂವತ್ತು ಚೌಕಗಳ ಮೇಲೆ ಮುಚ್ಚಳ ಹಾಕಿದಂತೆ ಮತ್ತೆ 30. ಒಂದು, ಹನ್ನೆರಡು, ನಲವತ್ತೆರಡು, ಅರವತ್ತು, ಮೂವತ್ತು. ಕಾಗದದ ಮೇಲಿನ ಸುಂದರ ಊಹೆಯನ್ನು ನಿಸರ್ಗ ಎರಡು ಪದರದವರೆಗೆ ಒಪ್ಪಿಕೊಂಡು, ಮೂರನೆಯದರಲ್ಲಿ ತನ್ನದೇ ದಾರಿ ಹಿಡಿದಿತ್ತು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರ ನೋಡಿ ಆದರ್ಶ ಸಂಖ್ಯೆ ಬರೆದಿದ್ದರೆ ಇದಕ್ಕೂ 147 ಎಂಬ ಚೀಟಿ ಬೀಳುವ ಸಾಧ್ಯತೆಯಿತ್ತು. 147ಕ್ಕೂ 145ಕ್ಕೂ ಎಷ್ಟು ಹತ್ತಿರ, ಜೋಡಣೆಯಲ್ಲಿ ಎಷ್ಟು ದೂರ!

2007ರಲ್ಲಿ, ಮಾಸ್ಕೊದಿಂದ ಬಂದಿದ್ದ ಮೆಡ್ನಿಕೊವ್ ಅವರ ಜೊತೆ, ಪಲ್ಲಾಡಿಯಂ ಮತ್ತು ಪ್ಲಾಟಿನಂ ಬೆರೆತ 165 ಪರಮಾಣುಗಳ ನಾಲ್ಕು ಪದರದ ಗೊಂಚಲು. ಅದೇ ವರ್ಷ ಸ್ಟಾನ್‌ಫರ್ಡಿನಲ್ಲಿ ರೋಜರ್ ಕಾರ್ನ್‌ಬರ್ಗ್ ಬಳಗ 102 ಚಿನ್ನದ ಪರಮಾಣುಗಳ ಗೊಂಚಲನ್ನು ಹರಳುಗಟ್ಟಿಸಿ ರಚನೆ ಬಿಡಿಸಿತು. ಅಲ್ಲಿಂದ ಮುಂದೆ ಚಿನ್ನ ಬೆಳ್ಳಿಗಳ ಕಡೆಗೆ ಹೆಚ್ಚಿನ ತರುಣರು ಹೊರಳಿದರು. ಡಾಲ್ ಪಲ್ಲಾಡಿಯಂ ಬಿಡಲಿಲ್ಲ. 2016ರಲ್ಲಿ ಅವರ ಬಳಗ 55 ಪಲ್ಲಾಡಿಯಂ ಪರಮಾಣುಗಳ, ಮ್ಯಾಕೆ ಹೇಳಿದ ಎರಡು ಪದರದ ವಿಂಶತಿಮುಖಿಯನ್ನೇ ಹರಳಿನಲ್ಲಿ ಹಿಡಿದು ತೋರಿಸಿತು. 55 ಎಂಬ ಸಂಖ್ಯೆಯ ಸುತ್ತ ಮೂವತ್ತೈದು ವರ್ಷ ನಡೆದ ಮಾತಿಗೆ, ಚಿನ್ನದಲ್ಲಿ ಅಲ್ಲದಿದ್ದರೂ ಪಲ್ಲಾಡಿಯಂನಲ್ಲಿ, ಒಂದು ಖಚಿತ ಸಾಕ್ಷಿ ದೊರೆಯಿತು. ಆಗ ಡಾಲ್ ಅವರ ವಯಸ್ಸು ಎಂಬತ್ತೈದು ದಾಟಿತ್ತು.

ಇದರಿಂದ ಏನು ಉಪಯೋಗ ಎಂದು ಕೇಳುವವರಿಗೆ ನೇರವಾಗಿ ಹೇಳಿಬಿಡುತ್ತೇನೆ. ಆ 145ರ ಗೊಂಚಲು ಯಾವ ಅಂಗಡಿಯಲ್ಲೂ ಮಾರಾಟಕ್ಕಿಲ್ಲ. ಪಲ್ಲಾಡಿಯಂ ಕಾರ್ಖಾನೆಗಳಲ್ಲಿ, ಕಾರುಗಳ ಹೊಗೆ ಶುದ್ಧಿ ಮಾಡುವ ಉಪಕರಣದಲ್ಲಿ ಕ್ರಿಯಾವರ್ಧಕವಾಗಿ ದುಡಿಯುವುದು ನಿಜ. ಅಲ್ಲಿ ಕೆಲಸ ನಡೆಯುವುದು ಇಂಥ ಚಿಕ್ಕ ಕಣಗಳ ಮೈಮೇಲೆಯೇ. ಆ ಮೈಯ ಮೇಲೆ ಸಿಓ ಹೇಗೆ ಕೂರುತ್ತದೆ ಎಂಬುದನ್ನು ಪರಮಾಣು ಪರಮಾಣುವಾಗಿ ಎಣಿಸಿ ನೋಡಲು ಈ ಹರಳುಗಳು ಅವಕಾಶ ಕೊಟ್ಟವು. ಅಷ್ಟು ಸಾಕು ಎಂದು ನನಗನ್ನಿಸುತ್ತದೆ.

ಮ್ಯಾಡಿಸನ್ನಿನಲ್ಲಿ ಅವರು ವಹಿಸಿದ್ದ ಪೀಠದ ಹೆಸರು ಏನು ಗೊತ್ತೇ? ರಂಡಲ್ ಪೀಠ. 1963ರಲ್ಲಿ ತೀರಿಕೊಂಡ ತಮ್ಮ ಗುರುವಿನ ಹೆಸರನ್ನು ತಮ್ಮ ಹುದ್ದೆಯ ಜೊತೆ ಅವರು ಕೊನೆಯವರೆಗೂ ಹೊತ್ತರು.

ಒಂದು ಮಾತು ಉಳಿಯಿತು. 145ರ ಗೊಂಚಲಿನ ಸುತ್ತ ಸಿಓ ಎಷ್ಟು ಎಂದು ನಾನು ಹೇಳಲೇ ಇಲ್ಲ. ಲೋಹದ ಪರಮಾಣುಗಳು ಕ್ಷ-ಕಿರಣಕ್ಕೆ ಚೆನ್ನಾಗಿ ಕಾಣುತ್ತವೆ; ಒಂದು ಪಲ್ಲಾಡಿಯಂನಲ್ಲಿ 46 ಎಲೆಕ್ಟ್ರಾನುಗಳಿದ್ದರೆ ಇಂಗಾಲದಲ್ಲಿ ಕೇವಲ 6. ದೊಡ್ಡ ಗುಂಪಿನ ನಡುವೆ ಈ ಹಗುರ ಪರಮಾಣುಗಳ ಎಣಿಕೆ ಖಚಿತವಾಗಿ ಸಿಗಲಿಲ್ಲ. ಸುಮಾರು 60 ಎಂಬುದು ಅಂದಾಜು. ಅರವತ್ತು ಎಂದೇ ಬರೆದಿದ್ದರೆ ಕೇಳುವವರಿರಲಿಲ್ಲ, ಅದು ಎಷ್ಟು ಚೆಂದದ ಸಂಖ್ಯೆ. ನಲವತ್ತು ವರ್ಷಗಳ ಹಿಂದೆ ಇತರರ ಸೂತ್ರಗಳಲ್ಲಿ ಸಿಓಗಳನ್ನು ತಿದ್ದಿದ್ದ ಡಾಲ್, ತಮ್ಮ ಪ್ರಬಂಧದ ಶೀರ್ಷಿಕೆಯಲ್ಲಿ ಪಲ್ಲಾಡಿಯಂ 145 ಎಂದೂ ಫಾಸ್ಫೀನ್ 30 ಎಂದೂ ಬರೆದು, ಸಿಓ ಮುಂದೆ ಬೀಜಗಣಿತದಲ್ಲಿ ಗೊತ್ತಿಲ್ಲದ ಸಂಖ್ಯೆಗೆ ನಾವು ಬಳಸುವ ‘ಕ್ಷ’ ಎಂಬ ಅಕ್ಷರವನ್ನು ಇಟ್ಟು ಅಚ್ಚಿಗೆ ಕಳಿಸಿದರು.